ಲಕ್ಕುಂಡಿ ಗುಡಿಗಳ ಸುತ್ತ 300 ಮೀಟರ್: ಮನೆ ಕೆಡವುವ ಕಾನೂನು ಇದಲ್ಲ

"ಲಕ್ಕುಂಡಿ ಗುಡಿಗಳಿಂದ 300 ಮೀಟರ್ ಒಳಗಿನ ಮನೆಗಳನ್ನೆಲ್ಲ ಪ್ರವಾಸಿಗರಿಗಾಗಿ ಕೆಡವುತ್ತಾರೆ, ಕಾನೂನೇ ಹಾಗಿದೆ, ಬಂದ ಬೆಲೆಗೆ ಮಾರಿಬಿಡಿ" ಎಂಬ ಮಾತು ಗದಗ ಕಡೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಕಾನೂನು ಹಾಗೆ ಹೇಳುವುದಿಲ್ಲ.

300 ಎಂಬ ಲೆಕ್ಕ ಬಂದದ್ದು 1992ರ ಜೂನ್ 16ರ ಕೇಂದ್ರ ಸರ್ಕಾರದ ಅಧಿಸೂಚನೆಯಿಂದ; 2010ರ ತಿದ್ದುಪಡಿಯಲ್ಲಿ ಅದು ಸ್ಮಾರಕಗಳ ಕಾಯ್ದೆಗೇ ಸೇರಿತು. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಜಾಗದ ಗಡಿಯಿಂದ ಮೊದಲ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸದಾಗಿ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ರಿಪೇರಿಗೆ ಅರ್ಜಿ ಹಾಕಬಹುದು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಹೊಸ ಮನೆಯನ್ನೂ ಕಟ್ಟಬಹುದು. ಎರಡನ್ನೂ ಕೂಡಿಸಿ "300 ಮೀಟರ್ ಖಾಲಿ" ಅನ್ನುವುದು ತಪ್ಪು.

ಜನ ಸುಮ್ನೆ ಹೆದರಿಲ್ಲ. 2011ರಲ್ಲಿ ಹಂಪಿ ಬಜಾರಿನ ಮನೆ, ಅಂಗಡಿಗಳನ್ನು ತೆರವು ಮಾಡಿದ್ದು ಎಲ್ಲರಿಗೂ ನೆನಪಿದೆ. ಆದರೆ ಅಲ್ಲಿ ಜನ ಹಳೇ ಕಲ್ಲಿನ ಮಂಟಪಗಳಲ್ಲೇ, ಅವಕ್ಕೆ ಅಂಟಿಕೊಂಡೇ ಇದ್ದರು. ಲಕ್ಕುಂಡಿಯೋ, ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿರುವ ಊರು. ಅಂಥಲ್ಲಿ ಮನೆ ಪಕ್ಕ ಗುಡಿ ಇರುವುದು ತಪ್ಪಲ್ಲ ಅಲ್ವಾ?

ಸರ್ಕಾರಕ್ಕೆ ನಿಜವಾಗಿ ಜಾಗ ಬೇಕೆಂದರೆ ಅದರ ದಾರಿಯೇ ಬೇರೆ. 2013ರ ಭೂಸ್ವಾಧೀನ ಕಾಯ್ದೆಯಂತೆ ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು, ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಪರಿಹಾರ ಕೊಡಬೇಕು.

ನನ್ನ ಕಳವಳ ಬೇರೆಯದು. ಹೆದರಿ ಕಡಿಮೆ ಬೆಲೆಗೆ ಮಾರಿದ ಮನೆ ನಾಳೆ ಹೋಮ್‌ಸ್ಟೇ ಆದರೆ, ಮಾರಿದವರಿಗೆ ಅದೇ ಓಣಿಯಲ್ಲಿ ಬಾಡಿಗೆ ಮನೆಯೂ ಕೈಗೆಟುಕದು. ದಯವಿಟ್ಟು, ಲಿಖಿತ ನೋಟಿಸ್ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.