ಸತ್ಯಾಂಶ: ಪ್ಲೇಯರ್ ಬ್ಯಾಟರಿ ಪೂರ್ತಿ ಖಾಲಿ ಆಗಲೇಬೇಕಾ?

‘ಎಂಪಿ3 ಪ್ಲೇಯರನ್ನು ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್‌ಗೆ ಹಾಕಿ, ಇಲ್ಲದಿದ್ದರೆ ಬ್ಯಾಟರಿ ಹಾಳಾಗುತ್ತದೆ’ ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಇದು ನಿಜವಲ್ಲ.

ಈ ಮಾತು ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. 2001ರ ಮೊದಲ ಐಪಾಡ್‌ನಲ್ಲೇ ಇದ್ದದ್ದು ಲಿಥಿಯಂ ಬ್ಯಾಟರಿ. ಈಗಿನ ಪ್ಲೇಯರ್‌ಗಳಲ್ಲೂ ಸಾಮಾನ್ಯವಾಗಿ ಅದೇ ಬಗೆಯದು. ಪದೇ ಪದೇ ಸೊನ್ನೆಗೆ ಇಳಿದರೇ ಅದಕ್ಕೆ ಜಾಸ್ತಿ ತೊಂದರೆ. ಅಡುಗೆಮನೆಯಲ್ಲಿ ಅಮ್ಮ ದೇವರನಾಮ ಕೇಳಿ ಮುಗಿಸಿದಾಗ ಬ್ಯಾಟರಿ ಇನ್ನೂ ಅರ್ಧ ಇರುತ್ತದೆ, ಆಗಲೇ ಚಾರ್ಜ್‌ಗೆ ಹಾಕುತ್ತೇನೆ. ಏನೂ ಆಗುವುದಿಲ್ಲ.

ನಿಜವಾಗಿ ಹೆದರಬೇಕಾದ್ದು ಬಿಸಿಲಿಗೆ. ಊರಿಗೆ ಹೋಗುವಾಗ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಸುಮ್ನೆ ಬಿಟ್ಟುಹೋಗಬೇಡಿ. ಕೈಚೀಲದೊಳಗೆ, ಟವೆಲ್ ನಡುವೆ ಇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ ಎತ್ತಿಡಿ.