ಡೆರಿಯ ಬಿಳಿ ಗೋಡೆ: ಫಾರ್ವರ್ಡ್ ಆಗುತ್ತಿರುವ ಸಂದೇಶಕ್ಕೊಂದು ಸ್ಪಷ್ಟನೆ

‘ನೀವೀಗ ಸ್ವತಂತ್ರ ಡೆರಿಯನ್ನು ಪ್ರವೇಶಿಸುತ್ತಿದ್ದೀರಿ’ ಎಂದು ಇಂಗ್ಲಿಷಿನಲ್ಲಿ ಬರೆದಿರುವ, ಉತ್ತರ ಐರ್ಲೆಂಡಿನ ಬಿಳಿ ಗೋಡೆಯ ಚಿತ್ರವೊಂದು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ‘1972ರ ರಕ್ತಸಿಕ್ತ ಭಾನುವಾರದ ಗೋಲಿಬಾರಿನ ನಂತರ ಬೆಲ್‌ಫಾಸ್ಟ್‌ನಲ್ಲಿ ಪ್ರೊವಿಷನಲ್ ಐಆರ್‌ಎ ಬರೆಸಿದ್ದು’ ಎಂಬ ಅಡಿಬರಹ ತಪ್ಪು.

ಗೋಡೆ ಇರುವುದು ಡೆರಿ ನಗರದ ಬಾಗ್‌ಸೈಡ್ ಬಡಾವಣೆಯಲ್ಲಿ. ಬರಹ ಮೂಡಿದ್ದು 1969ರ ಜನವರಿಯಲ್ಲಿ, ನಾಗರಿಕ ಹಕ್ಕುಗಳ ಚಳವಳಿಯ ಕಾಲದಲ್ಲಿ. ಮೆರವಣಿಗೆಯ ಜನರ ಮೇಲೆ ಬ್ರಿಟಿಷ್ ಸೈನಿಕರ ಗೋಲಿಬಾರು ನಡೆದದ್ದು 1972ರ ಜನವರಿ 30ರಂದು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡಿದ ಸಶಸ್ತ್ರ ಸಂಘಟನೆ ಪ್ರೊವಿಷನಲ್ ಐಆರ್‌ಎ ಹುಟ್ಟಿದ್ದೇ 1969ರ ಡಿಸೆಂಬರ್‌ನಲ್ಲಿ. ಇನ್ನೂ ಹುಟ್ಟದ ಸಂಘಟನೆ ಗೋಡೆ ಬರೆಸುವುದುಂಟೆ?

ಈ ಗೊಂದಲಕ್ಕೆ ಗೋಡೆಯ ರೂಪವೂ ಕಾರಣ. ಮೂಲದಲ್ಲಿ ಅದು ಸಾಲುಮನೆಯೊಂದರ ಪಕ್ಕದ ಗೋಡೆ. ಮೊದಲ ಬರಹ ಅವಸರದ್ದು. ಬಿಳಿ ಬಳಿದು ದಪ್ಪ ಕಪ್ಪಕ್ಷರ ಬರೆದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಮುಂದೆ ಮನೆಗಳನ್ನು ಕೆಡವಿದರು, ಗೋಡೆಯನ್ನು ಮಾತ್ರ ಉಳಿಸಿಕೊಂಡರು. ಹಾಗಾಗಿ ಈಗ ಒಂಟಿ ಸ್ಮಾರಕದಂತೆ ಕಾಣುತ್ತದೆ. ಬಣ್ಣ ಮತ್ತೆ ಮತ್ತೆ ಬಳಿಯುತ್ತಾರೆ, ಕೆಲವೊಮ್ಮೆ ಗುಲಾಬಿಯೂ ಆಗುತ್ತದೆ. ಹೊಳಪು ನೋಡಿ ಕಾಲ ಊಹಿಸಬೇಡಿ.

ಬೆಲ್‌ಫಾಸ್ಟ್‌ನ ಹೆಸರಾಂತ ಚಿತ್ರ ಬೇರೆಯೇ: ಫಾಲ್ಸ್ ರಸ್ತೆ ಸೆವಾಸ್ಟೊಪೋಲ್ ಬೀದಿಯನ್ನು ಕೂಡುವಲ್ಲಿ, ಶಿನ್ ಫೇನ್ ಪಕ್ಷದ ಕಚೇರಿಯ ಗೋಡೆಯ ಮೇಲಿರುವ, ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್ ಅವರ ನಗುಮುಖ. ಸೆರೆಮನೆಯಲ್ಲಿ 66 ದಿನ ಉಪವಾಸ ಮುಷ್ಕರ ಮಾಡಿ ಅವರು ತೀರಿಕೊಂಡದ್ದು 1981ರ ಮೇ 5ರಂದು. ಐರ್ಲೆಂಡ್ ಒಂದಾಗಬೇಕೆನ್ನುವ ರಿಪಬ್ಲಿಕನ್ನರ ಕೇರಿಗಳಲ್ಲಿ ಗೋಡೆಚಿತ್ರಗಳು ಹಬ್ಬಿದ್ದೂ ಆ ಉಪವಾಸದ ವರ್ಷದಿಂದಲೇ.

ಹಳೆಯ ಅಡಿಬರಹದ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ‘ಡೆರಿ, ಜನವರಿ 1969’ ಎಂದು ತಿದ್ದಿ ಹಾಕಿ.