ಪ್ರಿಯಾಮನೂ ಧೃತರಾಷ್ಟ್ರನೂ ಒಂದೇ ಅಲ್ಲ

ಮಕ್ಕಳನ್ನು ಕಳೆದುಕೊಂಡ ತಂದೆಯ ದುಃಖ ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲೂ ಮಹಾಭಾರತದಲ್ಲೂ ಒಂದೇ ಎಂದು, ಈ ಎರಡನ್ನೂ ಹೋಲಿಸಿದ ಲೇಖನವೊಂದರಲ್ಲಿ ಅದರ ಲೇಖಕರು ತೀರ್ಮಾನಿಸಿದ್ದಾರೆ. ಒಪ್ಪಲಾರೆ. ದುಃಖ ಒಂದೇ ಇರಬಹುದು, ಅದು ಹಿಡಿದ ದಾರಿ ಬೇರೆ. ಇಲಿಯಡ್‌ನ ಕೊನೆಯ, ಅಂದರೆ 24ನೇ ಭಾಗದಲ್ಲಿ ಟ್ರಾಯ್ ನಗರದ ಮುದಿ ದೊರೆ ಪ್ರಿಯಾಮ ರಾತ್ರಿ ಶತ್ರುಪಾಳೆಯಕ್ಕೆ ಹೋಗಿ, ತನ್ನ ಮಗ ಹೆಕ್ಟರನನ್ನು ಕೊಂದ ಗ್ರೀಕ್ ವೀರ ಅಕಿಲೀಸನ ಕೈಗಳಿಗೇ ಮುತ್ತಿಡುತ್ತಾನೆ. ಸ್ತ್ರೀಪರ್ವದ ಧೃತರಾಷ್ಟ್ರನೂ ಮಕ್ಕಳನ್ನು ಕೊಂದವನನ್ನು ಅಪ್ಪಲು ತೋಳು ಚಾಚುತ್ತಾನೆ; ಕೃಷ್ಣ ಮುಂದೊಡ್ಡಿದ ಕಬ್ಬಿಣದ ಭೀಮ ಆ ಅಪ್ಪುಗೆಯಲ್ಲಿ ನುಚ್ಚುನೂರಾಗುತ್ತಾನೆ. ಮರುಗಳಿಗೆಯಲ್ಲೇ ಭೀಮ ಸತ್ತನೆಂದು ಗೋಳಾಡುವವನೂ ಅದೇ ಧೃತರಾಷ್ಟ್ರ!

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿಯಿದೆ, ನನ್ನನ್ನು ಅತಿ ಹೆಚ್ಚು ಕಾಡುವುದು ಅದೇ. ಹೆಕ್ಟರನ ಶವವನ್ನು ಪ್ರಿಯಾಮನ ಕಣ್ಣಿಗೆ ಬೀಳದಂತೆ ಬೇರೆಡೆ ಒಯ್ದು ತೊಳೆಯಿರಿ ಎಂದು ಅಕಿಲೀಸ್ ದಾಸಿಯರಿಗೆ ಹೇಳುತ್ತಾನೆ. ಮಗನನ್ನು ಕಂಡು ಮುದುಕ ಸಿಟ್ಟಿಗೇಳಬಹುದು, ಆಗ ತಾನು ಅವನನ್ನೂ ಕೊಂದುಬಿಡಬಹುದು ಎಂಬ ಭಯ ಅವನಿಗೆ. ಮಹಾಭಾರತದಲ್ಲಿ ಕೃಷ್ಣ ವಹಿಸಿದ ಎಚ್ಚರವನ್ನು ಇಲ್ಲಿ ಕೊಂದವನೇ ವಹಿಸುತ್ತಾನೆ, ಅದೂ ತನ್ನದೇ ಸಿಟ್ಟಿಗೆ ಹೆದರಿ. ಅಲ್ಲಿ ತಂದೆಯ ಕೋಪಕ್ಕೆ ಅಂಜಬೇಕು, ಇಲ್ಲಿ ಕೊಂದವನ ಕೋಪಕ್ಕೆ. ಹೋಲಿಸುವುದಾದರೆ ಲೇಖಕರು ಇಲ್ಲಿಂದಲೇ ಹೊರಡಬೇಕಿತ್ತು.